ಪಿಎಚ್ 5 ತೂಗುದೀಪಕ್ಕೆ ಅಷ್ಟೊಂದು ತಟ್ಟೆಗಳು ಯಾಕೆ? ಸುಮ್ನೆ ಅಂದಕ್ಕಾ?

ಖಂಡಿತ ಅಲ್ಲ. ಬಲ್ಬ್ ನೇರವಾಗಿ ಕಣ್ಣಿಗೆ ಹೊಡೆಯಬಾರದು ಅನ್ನೋದೇ ಆ ವಿನ್ಯಾಸದ ಮೂಲ.

ಇದನ್ನು ಮಾಡಿದವರು ಡೆನ್ಮಾರ್ಕಿನ ಪೌಲ್ ಹೆನ್ನಿಂಗ್ಸನ್. ಹುಟ್ಟಿದ್ದು 1894ರಲ್ಲಿ. ಸೀಮೆಎಣ್ಣೆ ದೀಪದ ಮೆತ್ತನೆ ಬೆಳಕಿನಲ್ಲಿ ಬೆಳೆದವರಿಗೆ ಬರಿ ಬಲ್ಬಿನ ಬೆಳಕು ಹಿಡಿಸಲಿಲ್ಲ. ಹಾಗಾಗಿ 1920ರ ದಶಕದಲ್ಲೇ ದೀಪ ತಯಾರಿಸುವ ಲೂಯಿ ಪೌಲ್ಸನ್ ಕಂಪನಿಯ ಜೊತೆ ಸೇರಿ, ಒಂದರ ಕೆಳಗೊಂದು ಮೂರು ತಟ್ಟೆಗಳಿರುವ ದೀಪಗಳನ್ನು ತಂದರು. ಪಿಎಚ್ 5 ಬಂದಿದ್ದು 1958ರಲ್ಲಿ. ಪಿಎಚ್ ಅಂದರೆ ಅವರ ಹೆಸರಿನ ಮೊದಲಕ್ಷರಗಳು, 5 ಅಂದರೆ ದೊಡ್ಡ ತಟ್ಟೆಯ ಅಗಲ, 50 ಸೆಂಟಿಮೀಟರ್.

ಬಲ್ಬಿನ ಬೆಳಕು ಮೊದಲು ತಟ್ಟೆಗಳಿಗೆ ಬಡಿಯುತ್ತದೆ. ಅಲ್ಲಿಂದ ಚದುರಿ ಕೆಳಕ್ಕೂ ಪಕ್ಕಕ್ಕೂ ಹೋಗುತ್ತದೆ. ಯಾವ ಕಡೆಯಿಂದ ನೋಡಿದರೂ ಬಲ್ಬ್ ಕಾಣುವುದಿಲ್ಲ. ತಟ್ಟೆಗಳ ಮೇಲೂ ಬೆಳಕು ಹರಡುವುದರಿಂದ ದೀಪವೇ ಮಂದವಾಗಿ ಹೊಳೆಯುತ್ತದೆ.

ನನಗೆ ಜಾಸ್ತಿ ಇಷ್ಟವಾಗೋದು ಒಳಗಿನ ಬಣ್ಣ. ನಮ್ಮ ಕಣ್ಣು ಹಳದಿ-ಹಸಿರು ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ, ಕೆಂಪು ಮತ್ತು ನೀಲಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಅದನ್ನು ಸರಿದೂಗಿಸಲು ಅವರು ಒಳಭಾಗಗಳಿಗೆ ಕೆಂಪು, ನೀಲಿ ಬಳಿದರು. ಹೊರಗಿನಿಂದ ಆ ಬಣ್ಣ ಅಷ್ಟಾಗಿ ಕಾಣುವುದೂ ಇಲ್ಲ! ಎಂಥ ಕಾಳಜಿ ಅಲ್ವಾ?

ಇನ್ನೊಂದು ವಿಷಯ. ಬಲ್ಬ್ ಕಂಪನಿಗಳು ಆಗಾಗ ಬಲ್ಬಿನ ಆಕಾರ, ಗಾತ್ರ ಬದಲಾಯಿಸುತ್ತಿದ್ದವು. ಅದಕ್ಕೇ ಯಾವ ಬಗೆಯ ಬಲ್ಬ್ ಹಾಕಿದರೂ ಕಣ್ಣು ಕುಕ್ಕದಂತೆ ಇದನ್ನು ರೂಪಿಸಿದರು. ಇವತ್ತು ಎಲ್‌ಇಡಿ ಬಲ್ಬಿಗೂ ಇದು ಒಗ್ಗುತ್ತದೆ.

ಕೊಳ್ಳುವ ಯೋಚನೆ ಇದ್ದರೆ ಊಟದ ಮೇಜಿನಿಂದ ಸುಮಾರು 60 ಸೆಂಟಿಮೀಟರ್ ಮೇಲಕ್ಕೆ ತೂಗುಹಾಕಿ. ಮೇಜಿನ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ.