ಜೋಳದ ಸೈಲೊ: ಮೊದಲು ಸೆನ್ಸರ್ ಜಾಗ, ಆಮೇಲೆ ಮಾಡೆಲ್

3.6 ಮೀಟರ್ ವ್ಯಾಸದ ಮೆಕ್ಕೆಜೋಳದ ಸೈಲೊ (ಧಾನ್ಯ ತುಂಬಿಡುವ ಎತ್ತರದ ಕಣಜ), ತುಂಬುವ ಬಾಯಿಯ ಪಕ್ಕದಲ್ಲೇ ಅಲ್ಟ್ರಾಸಾನಿಕ್ ಸೆನ್ಸರ್, ಅಂದರೆ ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ಜೋಳದ ಮಟ್ಟ ಅಳೆಯುವ ಸಾಧನ. ತುಂಬಿದಾಗ ಜಾಸ್ತಿ, ಖಾಲಿಯಾಗುವಾಗ ಕಡಿಮೆ ತೋರಿಸುತ್ತೆ, ಈ ತಪ್ಪನ್ನು ತಿದ್ದಲು ಮಷೀನ್ ಲರ್ನಿಂಗ್ ಮಾಡೆಲ್‌ಗೆ (ಹಳೆಯ ಅಳತೆಗಳಿಂದ ಕಲಿಯುವ ಪ್ರೋಗ್ರಾಂ) ಕಲಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಮಾಡೆಲ್ ಬೇಡ, ಸೆನ್ಸರ್ ಜಾಗ ಬದಲಿಸಿ.

ಒಣ ಜೋಳ ಸುಮಾರು 25 ಡಿಗ್ರಿ ಇಳಿಜಾರಿನ ರಾಶಿಯಾಗುತ್ತೆ. ನಿಮ್ಮ ಸೈಲೊದಲ್ಲಿ ಅಂಚಿಗಿಂತ ತುದಿ 84 ಸೆಂ.ಮೀ. ಎತ್ತರ. ಬಾಯಿಯ ಪಕ್ಕದ ಸೆನ್ಸರ್ ನೋಡುವುದು ಈ ತುದಿಯನ್ನೇ; ಅದನ್ನೇ ಇಡೀ ಸೈಲೊದ ಮಟ್ಟ ಅಂದುಕೊಂಡರೆ ಹತ್ತಿರಹತ್ತಿರ 4 ಟನ್ ಇಲ್ಲದ ಜೋಳ ಲೆಕ್ಕಕ್ಕೆ ಬರುತ್ತೆ! ಖಾಲಿಯಾಗುವಾಗ ನಡುವೆ ಗುಂಡಿ, ಆಗ ತಪ್ಪು ತಿರುವುಮುರುವು. ಗೋಡೆಯಿಂದ ವ್ಯಾಸದ ಆರನೇ ಒಂದು ಭಾಗ, ಅಂದರೆ 60 ಸೆಂ.ಮೀ. ಒಳಗೆ ಕೂರಿಸಿ. ಶಂಕುವಿನ ಸರಾಸರಿ ಎತ್ತರ ಅಲ್ಲೇ ಸಿಗುತ್ತೆ, ರಾಶಿಗೂ ಗುಂಡಿಗೂ. ಏಣಿ ಎದುರಾಗದಂತೆ ನೋಡಿಕೊಳ್ಳಿ.

ತುಂಬುವಾಗ ಧೂಳು ಶಬ್ದವನ್ನು ನುಂಗುತ್ತೆ. ಆ ಹೊತ್ತಿನ ರೀಡಿಂಗ್ ಬಿಸಾಕಿ. ಬಿಸಿಲಿಗೆ ಒಳಗಿನ ಗಾಳಿ 20 ಡಿಗ್ರಿ ಏರಿದರೆ 5 ಮೀಟರಿಗೆ 17 ಸೆಂ.ಮೀ. ವ್ಯತ್ಯಾಸ, ಉಷ್ಣತೆಯ ತಿದ್ದುಪಡಿ ಹಾಕಲೇಬೇಕು. ದುಡ್ಡಿದ್ದರೆ ಶಬ್ದದ ಬದಲು ರೇಡಿಯೊ ಅಲೆಯಿಂದ ಅಳೆಯುವ 80 ಗಿಗಾಹರ್ಟ್ಸ್ ರಾಡಾರ್ ತಗೊಳ್ಳಿ, ಈ ಎರಡೂ ತಲೆನೋವು ಬಹುಪಾಲು ಇರಲ್ಲ.

ಇಷ್ಟಾದ ಮೇಲೂ ಉಳಿಯುವ ತಪ್ಪನ್ನಷ್ಟೇ ಮಾಡೆಲ್‌ಗೆ ಕಲಿಸಿ: ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಚೀಟಿಯ ತೂಕ, ಲೋಡ್ ಬಿದ್ದು ಎಷ್ಟು ಗಂಟೆ, ಆಗರ್ (ಜೋಳವನ್ನು ಸಾಗಿಸುವ ತಿರುಪು ಯಂತ್ರ) ಎಷ್ಟು ನಿಮಿಷ ಓಡಿತು. ರ‍್ಯಾಂಡಮ್ ಫಾರೆಸ್ಟ್ (ಹಲವು ನಿರ್ಧಾರ ಮರಗಳ ಉತ್ತರ ಸೇರಿಸಿ ಅಂದಾಜು ಮಾಡುವ ವಿಧಾನ) ಸಾಕು. ಪರೀಕ್ಷೆಗೆ ಇಡೀ ಲೋಡುಗಳನ್ನೇ ಬೇರೆ ತೆಗೆದಿಡಿ. ರೀಡಿಂಗುಗಳನ್ನು ಕಲೆಸಿ ಹಂಚಿದರೆ ಅಕ್ಕಪಕ್ಕದ ನಿಮಿಷಗಳು ಎರಡೂ ಕಡೆ ಸೇರಿ ಸುಳ್ಳು ನಿಖರತೆ ಬರುತ್ತೆ.