60 ಜಿಬಿ ಹಾಡುಗಳನ್ನು ಡಿವಿಡಿಗೆ ಬರ್ನ್ ಮಾಡಿಟ್ಟರೆ ಸಾಕಾ?

ನಿಮ್ಮ ಹತ್ತಿರ 60 ಜಿಬಿ ಹಾಡುಗಳಿವೆ, ಡಿವಿಡಿಗೆ ಹಾಕಿ ಕಂಪ್ಯೂಟರ್‌ನಿಂದ ಅಳಿಸಿಬಿಡಬಹುದಾ ಅಂತ ಕೇಳಿದ್ದೀರಿ. ಡಿವಿಡಿಗೆ ಧಾರಾಳವಾಗಿ ಹಾಕಿ. ಅಳಿಸೋದು ಮಾತ್ರ ಬೇಡ. ನಾನು ಹಾಗೆ ಅಳಿಸಿ ಕೈ ಸುಟ್ಟುಕೊಂಡವನು.

ಆಗ ನನ್ನ ಸಂಗ್ರಹ ಹದಿನಾಲ್ಕು ಡಿವಿಡಿ ತುಂಬುವಷ್ಟಿತ್ತು. ಒಂದೇ ರಾತ್ರಿ ಕೂತು ಎಲ್ಲವನ್ನೂ ಬರ್ನ್ ಮಾಡಿದೆ. ಬೇಗ ಮುಗಿಯಲಿ ಅಂತ, ಬರೆದದ್ದು ಸರಿಯಿದೆಯಾ ಅಂತ ಓದಿ ನೋಡುವ 'ವೆರಿಫೈ' ಅನ್ನುವ ಟಿಕ್ ತೆಗೆದೆ. ಪ್ರತಿ ಡಿಸ್ಕ್ ಮೇಲೂ ಅಂದವಾಗಿ ಸ್ಟಿಕ್ಕರ್ ಬೇರೆ ಅಂಟಿಸಿದೆ! ಆರು ವರ್ಷ ಕಳೆದ ಮೇಲೆ ಒಂಬತ್ತನೇ ಡಿಸ್ಕ್ ಹಾಕಿದರೆ ಕಾಪಿ ಸಲೀಸಾಗಿ ಹೋಗಿ 87 ಪರ್ಸೆಂಟ್‌ಗೆ ನಿಂತಿತು. ಡ್ರೈವ್ ಗುಂಯ್ ಅಂತ ಜೋರಾಗಿ ತಿರುಗುತ್ತದೆ, ಸುಸ್ತಾದಂತೆ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಅರ್ಧ ಗಂಟೆ ಹೀಗೇ. ಕೊನೆಯ ಎರಡು ಫೋಲ್ಡರ್ ಬರಲೇ ಇಲ್ಲ.

ಕೊನೆಯವೇ ಹೋದದ್ದು ಸುಮ್ನೆ ಅಲ್ಲ. ಮಾಮೂಲಿ ಡಿವಿಡಿ ಒಳಗಿನ ಅಂಚಿನಿಂದ ಬರೆಯುತ್ತಾ ಹೊರಗೆ ಬರುತ್ತದೆ. ನಾವು ಬೆರಳಿಟ್ಟು ಹಿಡಿಯುವುದು ಹೊರ ಅಂಚನ್ನೇ. ಸ್ಟಿಕ್ಕರ್‌ನಿಂದ ಡಿಸ್ಕ್ ಸ್ವಲ್ಪ ಬಾಗಿದರೂ ಮೊದಲು ಪೆಟ್ಟು ಬೀಳುವುದು ಅಲ್ಲಿಗೇ. ಹಾಗಾಗಿ ಈಗ ನಾನು ಡಿಸ್ಕ್ ಪೂರ್ತಿ ತುಂಬುವುದಿಲ್ಲ, ಒಂದು 300 ಎಂಬಿ ಖಾಲಿ ಬಿಡುತ್ತೇನೆ. ಸ್ಟಿಕ್ಕರ್ ಕೂಡ ಬಿಟ್ಟೆ. ಡಿಸ್ಕ್‌ಗೆಂದೇ ಬರುವ ಮಾರ್ಕರ್‌ನಲ್ಲಿ ನಡುವಿನ ರಿಂಗ್ ಹತ್ತಿರ ನಂಬರ್ ಬರೆದರೆ ಸಾಕು.

ಇನ್ನೊಂದು ಮಾತು. ಕೊಂಡು ತರುವ ಹಾಡಿನ ಸಿಡಿಯಲ್ಲಿ ಗುರುತುಗಳನ್ನು ಅಚ್ಚು ಒತ್ತಿರುತ್ತಾರೆ. ನಾವು ಬರ್ನ್ ಮಾಡುವ ಸಿಡಿ, ಡಿವಿಡಿಯಲ್ಲಿ ಇರುವುದು ಒಂದು ಬಣ್ಣದ ಪದರ, ಲೇಸರ್ ಅದನ್ನು ಕಾಯಿಸಿ ಗುರುತು ಮಾಡುತ್ತದೆ. ಬಿಸಿಲು, ಸೆಕೆ, ತೇವ ಯಾವುದೂ ಆ ಬಣ್ಣಕ್ಕೆ ಆಗಿಬರುವುದಿಲ್ಲ. ಕಿಟಕಿ ಪಕ್ಕ ಇಡಲೇಬೇಡಿ. ಸಿಡಿಯಲ್ಲಂತೂ ಈ ಪದರ ಹೆಸರು ಬರೆಯುವ ಕಡೆಯೇ, ತೆಳ್ಳನೆ ವಾರ್ನಿಶ್ ಕೆಳಗೇ ಇರುತ್ತದೆ. ಆ ಕಡೆ ಗೀರಿದರೆ ಕಥೆ ಮುಗಿಯಿತು. ಡಿವಿಡಿಯಲ್ಲಿ ಎರಡು ಪ್ಲಾಸ್ಟಿಕ್ ಹಾಳೆಗಳ ಮಧ್ಯೆ ಇರುವುದರಿಂದ ಸ್ವಲ್ಪ ವಾಸಿ. ಪದೇ ಪದೇ ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕ್ ಈ ಕೆಲಸಕ್ಕೆ ಬೇಡ.

ಲೆಕ್ಕಕ್ಕೆ ಬರೋಣ. ಡಿವಿಡಿ ಮೇಲೆ 4.7 ಜಿಬಿ ಅಂತ ಇದ್ದರೂ ವಿಂಡೋಸ್ ತೋರಿಸುವುದು ಸುಮಾರು 4.38. ಅಂಚು ಬಿಟ್ಟರೆ ನಿಮಗೆ ಹದಿನೈದು ಬೇಕು. 25 ಜಿಬಿಯ ಬ್ಲೂ-ರೇ ಆದರೆ ಮೂರೇ ಸಾಕು, ಆದರೆ ಬರ್ನರ್ ಬೇರೆ ಬೇಕು. ಬ್ಲೂ-ರೇ ಡಿಸ್ಕ್ ತಗೊಳ್ಳುವಾಗ ಎಚ್‌ಟಿಎಲ್ ಬಗೆಯದ್ದು ನೋಡಿ, ಅದರಲ್ಲಿ ಈ ಬಣ್ಣದ ರಗಳೆ ಇಲ್ಲ. 700 ಎಂಬಿ ಸಿಡಿಯಲ್ಲಿ ಹಾಕಲು ಹೋದರೆ ತೊಂಬತ್ತು ಸಿಡಿ ಆಗುತ್ತದೆ, ಅದನ್ನು ಮರೆತುಬಿಡಿ.

ಸಿಡಿಯೇ ಇರಲಿ, ಡಿವಿಡಿಯೇ ಇರಲಿ, 'ಡೇಟಾ ಡಿಸ್ಕ್' ಅಂತಲೇ ಆರಿಸಿ. ನನ್ನ ಗೆಳೆಯನೊಬ್ಬ 'ಆಡಿಯೋ ಸಿಡಿ' ಒತ್ತಿದ್ದ. ಅದರಲ್ಲಿ ಹಿಡಿಯುವುದು 80 ನಿಮಿಷ ಮಾತ್ರ, ಹಾಡಿನ ಹೆಸರು, ಗಾಯಕರ ಹೆಸರು ಇರುವ ಎಂಪಿ3 ಟ್ಯಾಗ್‌ಗಳೂ ಬರುವುದಿಲ್ಲ. ವಾಪಸ್ ಕಂಪ್ಯೂಟರ್‌ಗೆ ಹಾಕಿದಾಗ ಎಲ್ಲವೂ ಟ್ರ್ಯಾಕ್ 01, ಟ್ರ್ಯಾಕ್ 02. ಯಾವುದು ಯಾವ ಹಾಡು ಅಂತ ಒಂದೊಂದೇ ಕೇಳುತ್ತಾ ಕೂತಿದ್ದ, ಪಾಪ.

ಫೈಲ್ ಹೆಸರು ಕನ್ನಡದಲ್ಲಿದ್ದರೆ ಒಂದು ತೊಡಕಿದೆ. ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಬಗೆಗಳು ಹಲವು, ಬರ್ನ್ ಮಾಡುವಾಗ ಒಂದನ್ನು ಆರಿಸಬೇಕು. ಹಳೆಯ ಐಎಸ್‌ಒ 9660 ಬಗೆಯಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟರೆ ಬೇರೇನೂ ನಡೆಯುವುದಿಲ್ಲ. ಜೋಲಿಯೆಟ್ ಎಂಬ ಬಗೆಯಲ್ಲಿ ಕನ್ನಡ ನಡೆಯುತ್ತದೆ, ಆದರೆ ಮಿತಿ 64 ಅಕ್ಷರ. ಇಲ್ಲೇ ಜನ ಎಡವುವುದು. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರ್ ಲೆಕ್ಕದಲ್ಲಿ ಆರು! ಉದ್ದ ಹೆಸರುಗಳ ಬಾಲ ಕತ್ತರಿಸಿಹೋಗುತ್ತದೆ. ಯುಡಿಎಫ್ ಎಂಬ ಬಗೆ ಆರಿಸಿದರೆ ಈ ತಲೆನೋವಿಲ್ಲ.

ಈಗ ನಾನು ಮಾಡುವುದು ಹೀಗೆ. ಬರ್ನ್ ಮಾಡುವ ಮೊದಲು ಎಲ್ಲ ಫೈಲ್‌ಗಳ ಎಸ್‌ಎಚ್‌ಎ-256 ಚೆಕ್‌ಸಮ್ ತೆಗೆಯುತ್ತೇನೆ. ಫೈಲ್‌ನ ಬೆರಳಚ್ಚು ಅಂದುಕೊಳ್ಳಿ, ಒಂದು ಬಿಟ್ ಬದಲಾದರೂ ಪೂರ್ತಿ ಬೇರೆಯಾಗುತ್ತದೆ. ಆ ಪಟ್ಟಿ ಡಿಸ್ಕ್‌ನಲ್ಲೂ ಇರುತ್ತದೆ, ಕಂಪ್ಯೂಟರ್‌ನಲ್ಲೂ ಇರುತ್ತದೆ. ಫ್ಲ್ಯಾಕ್ ಎಂಬ ಬಗೆಯ ಹಾಡಿನ ಫೈಲ್‌ಗಳಲ್ಲಿ ಸಾಮಾನ್ಯವಾಗಿ ಹಾಡಿನ ಎಂಡಿ5 (ಇದೂ ಒಂದು ಬಗೆಯ ಚೆಕ್‌ಸಮ್) ಒಳಗೇ ಇರುತ್ತದೆ, ಎಂಪಿ3ಗೆ ಆ ಭಾಗ್ಯ ಇಲ್ಲ. ಬರ್ನ್ ಆದ ಮೇಲೆ ಡಿಸ್ಕ್ ಹೊರಗೆ ತೆಗೆದು, ಸಾಧ್ಯವಾದರೆ ಬೇರೆ ಡ್ರೈವ್‌ನಲ್ಲಿ ಹಾಕಿ, ಪಟ್ಟಿ ಜೊತೆ ತಾಳೆ ನೋಡುತ್ತೇನೆ. ಅದೇ ಡ್ರೈವ್‌ನಲ್ಲಿ ಓದಿ ಬೇರೆಯದರಲ್ಲಿ ಓದದ ಡಿಸ್ಕ್‌ಗಳನ್ನು ಜಾಸ್ತಿ ನೋಡಿದ್ದೇನೆ. ವರ್ಷಕ್ಕೊಮ್ಮೆ ಮತ್ತೆ ಓದಿಸುತ್ತೇನೆ. ಓದಲು ತಡವರಿಸಿದ ಡಿಸ್ಕನ್ನು ಅವತ್ತೇ ಹೊಸದಕ್ಕೆ ಇಳಿಸುತ್ತೇನೆ. ಇದಕ್ಕೆ ಮೂಲ ಫೈಲ್ ಕಂಪ್ಯೂಟರ್‌ನಲ್ಲಿ ಇರಲೇಬೇಕು, ಅಲ್ವಾ? ಅಳಿಸಬೇಡಿ ಅಂದದ್ದು ಅದಕ್ಕೇ.

ಜಾಗ ಸಾಲದೆ ಅಳಿಸುವ ಯೋಚನೆ ಬಂದಿದ್ದರೆ ಮೊದಲು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಳ್ಳಿ, ಡಿವಿಡಿ ಎರಡನೇ ಪ್ರತಿಯಾಗಿ ಇರಲಿ. ಹಾಗೇ ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ಡಿಸ್ಕ್‌ಗಳ ಜೊತೆಗೇ ಎತ್ತಿಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಬರುವುದೇ ಅಪರೂಪ.