ಮಂಗಳೂರಿನ ಹೊರವಲಯದಲ್ಲಿ ಮನೆ ಕೊಳ್ಳುವ ಮೊದಲು ಏನು ನೋಡಬೇಕು?

ವಾಮಂಜೂರು, ನೀರುಮಾರ್ಗ ಕಡೆ ಬಜೆಟ್‌ಗೆ ಸಿಗುತ್ತದೆ, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ತಗೊಳ್ಳಿ, ಆದರೆ ಜುಲೈಯಲ್ಲಿ ಒಮ್ಮೆ ಜಾಗ ನೋಡದೆ ಅಡ್ವಾನ್ಸ್ ಕೊಡಬೇಡಿ. ಜನವರಿಯಲ್ಲಿ ನಮ್ಮೂರಿನ ಎಲ್ಲಾ ಸೈಟೂ ಚಂದವೇ.

ಇಲ್ಲಿ ಸಮತಟ್ಟು ಜಾಗ ಕಡಿಮೆ. ಹಾಗಾಗಿ ಒಂದೋ ಗುಡ್ಡ ಅಗೆದಿರುತ್ತಾರೆ, ಇಲ್ಲಾ ಗದ್ದೆಗೆ ಮಣ್ಣು ತುಂಬಿಸಿರುತ್ತಾರೆ. ಗುಡ್ಡ ಅಗೆದದ್ದಾದರೆ ಹಿಂದಿನ ಬರೆ (ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆ) ಎಷ್ಟು ಎತ್ತರ ಇದೆ, ತಡೆಗೋಡೆ ಇದೆಯಾ, ಅದರಲ್ಲಿ ನೀರು ಹೊರಬರಲು ತೂತು ಬಿಟ್ಟಿದ್ದಾರಾ ಅಂತ ನೋಡಿ, ಯಾಕೆಂದರೆ ಮಣ್ಣು ನೀರು ಕುಡಿದು ಭಾರವಾದಾಗಲೇ ಬರೆ ಜರಿಯುವುದು. ತುಂಬಿಸಿದ ಗದ್ದೆಯಾದರೆ ಹಳೆಯ ತೋಡು (ಮಳೆನೀರು ಹರಿಯುವ ಸಣ್ಣ ಹಳ್ಳ) ಎಲ್ಲಿತ್ತು ಅಂತ ಪಕ್ಕದ ಮನೆಯವರನ್ನು ಕೇಳಿ. ಬ್ರೋಕರ್ ಅದನ್ನು ಹೇಳಲ್ಲ.

ಬೇಸಿಗೆಯಲ್ಲಿ ಬಾವಿ ನೀರು ಮೇ ಕೊನೆವರೆಗೆ ಇರುತ್ತದಾ ಅನ್ನುವುದೂ ಮುಖ್ಯ. ನಗರಕ್ಕೆ ತುಂಬೆ ಅಣೆಕಟ್ಟಿನಿಂದ ನೇತ್ರಾವತಿ ನೀರು ಬರುತ್ತದೆ, ಆದರೆ ಪಾಲಿಕೆ ಗಡಿ ದಾಟಿದರೆ ಅದೇ ಪೈಪ್ ನಿಮ್ಮ ಮನೆಗೂ ಇರುತ್ತದೆ ಅಂತ ಅಂದ್ಕೊಳ್ಳಬೇಡಿ. ಸಮುದ್ರದ ಹತ್ತಿರ, ಉಳ್ಳಾಲದ ಕಡೆಯೆಲ್ಲಾ, ಬಾವಿ ನೀರು ಉಪ್ಪಾ ಅಂತ ಕುಡಿದೇ ನೋಡಿ.

ಕಾಗದಪತ್ರದಲ್ಲಿ ಭೂ ಪರಿವರ್ತನೆ ಆದೇಶ (ಕೃಷಿ ಜಮೀನನ್ನು ಮನೆ ಕಟ್ಟಲು ಬದಲಿಸಿದ್ದು), ಋಣಭಾರ ಪತ್ರ (ಜಾಗದ ಮೇಲೆ ಸಾಲ ಇದೆಯಾ ಅಂತ ತೋರಿಸುವ ಇ.ಸಿ.), ಲೇಔಟ್ ಅನುಮೋದನೆ ಬೇಕೇ ಬೇಕು. ಪಂಚಾಯತ್ ವ್ಯಾಪ್ತಿಯಲ್ಲಿ ಬರೀ 11ಬಿ (ಕ್ರಮಬದ್ಧವಲ್ಲದ ಆಸ್ತಿಗೆ ಪಂಚಾಯತ್ ಕೊಡುವ ದಾಖಲೆ) ತೋರಿಸಿದರೆ ಎಷ್ಟೋ ಬ್ಯಾಂಕ್‌ಗಳು ಸಾಲಕ್ಕೆ ಹಿಂದೇಟು ಹಾಕುತ್ತವೆ. ಮೊದಲು ಬ್ಯಾಂಕಿನ ವಕೀಲರಿಗೆ ತೋರಿಸಿ, ಆಮೇಲೆ ಕರಾರು.

ಸಿಟಿ ಬಸ್ ರಾತ್ರಿ ಎಷ್ಟು ಗಂಟೆವರೆಗೆ ಇದೆ ಅಂತಲೂ ವಿಚಾರಿಸಿ.